ಹೊಸ ಮನೆಯಲ್ಲಿ ಉಸಿರು ಕಟ್ಟುತ್ತೆ: ತುರುವೇಕೆರೆ ಕಡೆಯ ಒಂದು ಮನೆಯ ಗಾಳಿಯ ಪ್ರಕರಣ

"ಹೊಸ ಮನೇಲಿ ಉಸಿರು ಕಟ್ಟುತ್ತೆ ಕಣವ್ವ."

ನನ್ನ ಅಕ್ಕನ ಅತ್ತೆ ಈ ಮಾತನ್ನು ಮೂರು ವರ್ಷದಿಂದ ಹೇಳುತ್ತಿದ್ದರು. ಯಾರೂ ಅದನ್ನು ಮನೆಯ ಗಾಳಿಯ ಬಗ್ಗೆ ಹೇಳಿದ ಮಾತು ಅಂದುಕೊಳ್ಳಲಿಲ್ಲ. ಐವತ್ತೈದು ವರ್ಷ ಬಾಳಿದ ಹಳೆ ಮನೆ, ಬಿಟ್ಟು ಬರೋಕೆ ಮನಸ್ಸಿಲ್ಲ, ಅದಕ್ಕೇ ಹೀಗಂತಾರೆ ಅಂತ ಎಲ್ಲರೂ ಸುಮ್ಮನಾದರು. ನಾನೂ ಹಾಗೇ ಅಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ತಿರುಗಿದವಳು ನಾನು. ಆದರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನೋದು ಇವತ್ತಿಗೂ ಬೇಸರ.

ಹೋದ ಚಳಿಗಾಲ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ನೋಡಿಕೊಳ್ಳಲು ಧನುರ್ಮಾಸದಲ್ಲಿ ಹೋದವಳು ಎರಡು ತಿಂಗಳು ಅಲ್ಲೇ ಇದ್ದೆ. ಒಂದು ಮನೆಯ ಗಾಳಿ ಹೇಗೆ ಕೆಡುತ್ತೆ, ಹೇಗೆ ಸರಿ ಮಾಡಬಹುದು ಅನ್ನೋದನ್ನು ಆ ಎರಡು ತಿಂಗಳಲ್ಲಿ ನೋಡಿದೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ.

ಎರಡು ಮನೆ, ಒಂದೇ ಅಂಗಳ

ಊರು ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನದು. ಸುತ್ತ ತೆಂಗಿನ ತೋಟ. ಹಳೆ ಮನೆ ಹೆಂಚಿನದು, ಅದರ ಅಟ್ಟದ ತುಂಬ ಕಾಯಿ. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಗಾಳಿ ಆಡದಿದ್ದರೆ ಕಾಯಿ ಕೊಳೆಯುತ್ತೆ. ಅದಕ್ಕೇ ಹಳಬರು ಅಟ್ಟದ ಹಲಗೆಗಳ ನಡುವೆ ಸಂದು ಬಿಟ್ಟಿದ್ದರು. ಗೋಡೆಗೂ ಸೂರಿಗೂ ನಡುವೆ ಒಂದು ಗೇಣು ಖಾಲಿ ಜಾಗ. ಅಡುಗೆಮನೆ ಮೇಲೆ ಹೊಗೆಗೂಡು. ಕಾಯಿಗೆ ಅಂತ ಬಿಟ್ಟ ಗಾಳಿ ಕೆಳಗೆ ಮಲಗಿದವರಿಗೂ ಸಿಕ್ಕುತ್ತಿತ್ತು.

ಅದೇ ಅಂಗಳದ ಪಕ್ಕದಲ್ಲಿ ಮೂರು ವರ್ಷದ ಹಿಂದೆ ಹೊಸ ಮನೆ ಎದ್ದಿತು. ಆರ್‌ಸಿಸಿ, ಟೈಲ್ಸ್, ಸರಿಸುವ ಅಲ್ಯುಮಿನಿಯಂ ಕಿಟಕಿ, ಗ್ಯಾಸ್ ಒಲೆ, ಮಲಗುವ ಕೋಣೆಗೇ ಅಂಟಿಕೊಂಡ ಬಚ್ಚಲು. ಚೊಕ್ಕವಾದ ಮನೆ, ನೋಡಿದರೆ ಖುಷಿಯಾಗುತ್ತೆ. ಅಕ್ಕ, ಭಾವ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗ, ಮತ್ತೆ ಅಜ್ಜಿ, ಅಂದರೆ ಅಕ್ಕನ ಅತ್ತೆ. ಒಟ್ಟು ಆರು ಜನ. ಅಜ್ಜಿಗೆ ಎಪ್ಪತ್ತೆಂಟು.

ಮಗುವಿಗೆ ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು ಏಳುತ್ತಿತ್ತು. ಎದೆಯಲ್ಲಿ ಗುಯ್ ಅನ್ನುವ ಸದ್ದು. ಎರಡು ಚಳಿಗಾಲದಿಂದ ತುಮಕೂರಿಗೆ ಓಡಿಸಿ ನೆಬುಲೈಸರ್ ಹಾಕಿಸಿದ್ದರು. ಸೊಸೆಗೆ ಬೆಳಗಿನ ಹೊತ್ತು ತಲೆನೋವು, ಒಂದೆರಡು ಸಲ ವಾಂತಿ ಬಂದ ಹಾಗೆ. ಅಜ್ಜಿಗೆ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು.

ಎಲ್ಲರೂ ಬೆರಳು ತೋರಿಸಿದ್ದು ಹಳೆ ಮನೆಯ ಕಡೆಗೆ. ಅಲ್ಲಿ ಈಗಲೂ ಹಂಡೆ ಒಲೆ ಇದೆ. ಕಾಯಿ ಮಟ್ಟೆ, ಚಿಪ್ಪು, ಒಣಗರಿ ಹಾಕಿ ಅಜ್ಜಿ ಮತ್ತು ಭಾವ ಸ್ನಾನಕ್ಕೆ ನೀರು ಕಾಯಿಸುತ್ತಾರೆ. ಹೊಗೆ ಕಣ್ಣಿಗೆ ಕಾಣುತ್ತೆ, ಹಾಗಾಗಿ ತಪ್ಪು ಅದರದ್ದೇ ಆಯಿತು. ಜೊತೆಗೆ ಮಗುವಿಗೆ ಬಾಳೆಹಣ್ಣು ನಿಲ್ಲಿಸಿದರು, ಮೊಸರು ನಿಲ್ಲಿಸಿದರು, ಬೆಕ್ಕನ್ನು ತೋಟಕ್ಕೆ ಅಟ್ಟಿದರು. ಕೆಮ್ಮು ನಿಲ್ಲಲಿಲ್ಲ.

ಕೆಮ್ಮಿನ ಪುಸ್ತಕ

ಕೆಲಸದಲ್ಲಿದ್ದಾಗ ನಾವು ಎಲ್ಲವನ್ನೂ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೆವು. ಆ ಅಭ್ಯಾಸ ಹೋಗಿಲ್ಲ. ಮಗುವಿನ ಹಳೆ ಕಾಪಿ ಪುಸ್ತಕದಲ್ಲಿ ಗೆರೆ ಎಳೆದು ಸಣ್ಣ ಸಣ್ಣ ಸಂಗತಿಗಳನ್ನೂ ಬರೆಯತೊಡಗಿದೆ. ಆ ದಿನ ಏನೇನು ಉರಿಸಿದರು, ಯಾವ ಕಿಟಕಿ ತೆರೆದಿತ್ತು, ಒಗ್ಗರಣೆ ಎಷ್ಟು ಹೊತ್ತಿಗೆ, ಮಗು ಎಲ್ಲಿ ಮಲಗಿತು, ರಾತ್ರಿ ಎಷ್ಟು ಸಲ ಎದ್ದಿತು. ಸೊಸೆಗೆ ಮೊದಲು ಇದು ಬೇಡದ ಕೆಲಸ ಅನಿಸಿತು. ಒಂದು ವಾರ ಆದ ಮೇಲೆ ಅವಳೇ, "ಚಿಕ್ಕಮ್ಮ, ನಿನ್ನೆ ರಾತ್ರೀದು ಬರೆದ್ರಾ?" ಅಂತ ಕೇಳತೊಡಗಿದಳು.

ಮೊದಲ ಎರಡು ವಾರದಲ್ಲೇ ಒಂದು ಸಂಗತಿ ಕಂಡಿತು. ಹಂಡೆ ಒಲೆ ಹಚ್ಚಿದ ದಿನಕ್ಕೂ ಮಗುವಿನ ಕೆಮ್ಮಿಗೂ ತಾಳೆಯೇ ಆಗುತ್ತಿರಲಿಲ್ಲ. ನೀರು ಕಾಯಿಸದ ದಿನವೂ ಮಗು ಕೆಮ್ಮಿತ್ತು.

ಆಮೇಲೆ ಸಂಕ್ರಾಂತಿ ಬಂತು. ನೆಂಟರು ಬಂದರು, ಹೊಸ ಮನೆಯ ಕೋಣೆಗಳು ತುಂಬಿದವು. ಮಗು ಮೂರು ರಾತ್ರಿ ಹಳೆ ಮನೆಯಲ್ಲಿ ಅಜ್ಜಿಯ ಪಕ್ಕ, ಸೊಳ್ಳೆ ಪರದೆ ಒಳಗೆ ಮಲಗಿತು. ಅಕ್ಕನಿಗೆ ಭಯ. ಹೊಗೆ ಹಿಡಿದ ಮನೆ, ಚಳಿ ಬೇರೆ. ಮೂರು ರಾತ್ರಿಯೂ ಮಗು ಏಳಲಿಲ್ಲ. ನಾಲ್ಕನೇ ರಾತ್ರಿ ಹೊಸ ಮನೆಗೆ ಬಂದು ಮಲಗಿತು. ಬೆಳಗಿನ ಜಾವ ಎರಡೂವರೆಗೆ ಮತ್ತೆ ಕೆಮ್ಮು.

ಆ ಪುಟ ತೆರೆದು ಭಾವನ ಮುಂದೆ ಇಟ್ಟೆ. ಅವರು ಸ್ವಲ್ಪ ಹೊತ್ತು ನೋಡಿದರು. "ಅವ್ವ ಹೇಳ್ತಾನೇ ಇದ್ದಳು," ಅಂದರು.

ಊದಿನಕಡ್ಡಿ ಹೇಳಿದ್ದು

ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡಲು ಯಾವ ಯಂತ್ರವೂ ಬೇಕಿಲ್ಲ. ಒಂದು ಊದಿನಕಡ್ಡಿ ಸಾಕು. ಹಳೆ ಮನೆಯಲ್ಲಿ ಹಚ್ಚಿ ಹಿಡಿದೆ. ಹೊಗೆ ಸೀದಾ ಮೇಲಕ್ಕೆ ಹೋಗಿ ಅಟ್ಟದ ಸಂದಿನಲ್ಲಿ ನುಗ್ಗಿ ಹೆಂಚಿನ ನಡುವೆ ಮಾಯವಾಯಿತು. ಬಿಸಿ ಗಾಳಿ ಹಗುರ, ಮೇಲಕ್ಕೇರುತ್ತೆ. ಮೇಲೆ ದಾರಿ ಇದ್ದರೆ ಹೊರಗೆ ಹೋಗುತ್ತೆ, ಅದರ ಜಾಗಕ್ಕೆ ಬಾಗಿಲ ಸಂದಿನಿಂದ ತಣ್ಣನೆ ಗಾಳಿ ಬರುತ್ತೆ.

ಹೊಸ ಮನೆಯ ಮಲಗುವ ಕೋಣೆಯಲ್ಲಿ ಹೊಗೆ ಮೇಲೇರಿತು, ತಾರಸಿಗೆ ಒಂದೂವರೆ ಅಡಿ ಕೆಳಗೆ ಹರಡಿ ನಿಂತುಬಿಟ್ಟಿತು. ಕಿಟಕಿಯ ಮೇಲುಗಡೆ ಲಿಂಟಲ್‌ನಿಂದ ತಾರಸಿವರೆಗೆ ಪೂರ್ತಿ ಗೋಡೆ. ಒಂದೇ ಕಿಟಕಿ ತೆರೆದೆ, ಹೊಗೆ ಅಷ್ಟಾಗಿ ಕದಲಲಿಲ್ಲ. ಎದುರಿನ ಬಾಗಿಲನ್ನೂ ತೆರೆದೆ, ಎರಡು ಮೂರು ನಿಮಿಷದಲ್ಲಿ ಹೋಯಿತು. ಕಿಟಕಿ ಇದೆಯಲ್ಲ ಸಾಕು ಅಂತ ನಾವು ತಿಳಿದಿರುತ್ತೇವೆ. ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಬೇಕು ಅನ್ನೋದು ಅಜ್ಜಿಯ ಕಾಲದ ಗಾರೆಯವರಿಗೆ ಗೊತ್ತಿತ್ತು.

ಹಾಗಂತ ಹಳೆ ಮನೆಯೇ ಚೆನ್ನ ಅಂತ ನಾನು ಹೇಳುತ್ತಿಲ್ಲ. ಅಜ್ಜಿಯ ಏದುಸಿರು ಬಂದಿದ್ದು ಆ ಮನೆಯ ಅಡುಗೆ ಒಲೆಯಿಂದಲೇ. ಅದನ್ನು ಆಮೇಲೆ ಹೇಳುತ್ತೇನೆ.

ಕೋಣೆಯೊಳಗೆ ಏನಿತ್ತು

ರಾತ್ರಿ ಒಂಬತ್ತಕ್ಕೆ ಸೊಸೆ ಮಾಡುತ್ತಿದ್ದ ಕೆಲಸ ಇದು: ಚಳಿ ಅಂತ ಕಿಟಕಿ ಮುಚ್ಚೋದು, ಸೊಳ್ಳೆ ಅಂತ ಬಾಗಿಲು ಹಾಕೋದು, ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚೋದು. ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡುತ್ತಿದ್ದಳು. ಡೆಂಗಿ ಭಯ ಯಾರಿಗಿಲ್ಲ?

ಸೊಳ್ಳೆ ಬತ್ತಿ ಬಗ್ಗೆ 2003ರಲ್ಲಿ ಒಂದು ಸಂಶೋಧನೆ ಪ್ರಕಟವಾಗಿತ್ತು. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟು ಸುಟ್ಟಾಗ ಬರುವಷ್ಟು ಅಂತ ಅದರಲ್ಲಿ ಕಂಡುಬಂತು. ಈ ಕಣಗಳಿಗೆ ಪಿಎಂ 2.5 ಅನ್ನುತ್ತಾರೆ. ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು. ಮೂಗಿನ ಕೂದಲು, ಗಂಟಲಿನ ಕಫ ಯಾವುದೂ ತಡೆಯಲ್ಲ, ಸೀದಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತೆ. ಸೊಸೆಗೆ ಈ ಸಿಗರೇಟಿನ ಲೆಕ್ಕ ಹೇಳಿದಾಗ ಅವಳು ಅತ್ತುಬಿಟ್ಟಳು. ಹೇಳುವ ರೀತಿ ಸ್ವಲ್ಪ ಮೆತ್ತಗಿರಬೇಕಿತ್ತು ನನ್ನದು.

ಅಕ್ಕನ ಮಗನಿಗೆ ಕಣ್ಣಾರೆ ನೋಡದೆ ನಂಬಿಕೆ ಬರಲ್ಲ. ಕಣ ಅಳೆಯುವ ಸಣ್ಣ ಯಂತ್ರವೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ. ಇಂಥ ಅಗ್ಗದ ಯಂತ್ರದ ಅಂಕಿಯನ್ನು ಪೂರ್ತಿ ನಂಬಬಾರದು, ಆದರೆ ಏರಿಳಿತ ತಿಳಿಯಲು ಸಾಕು. ಅಂಗಳದಲ್ಲಿ ಮೂವತ್ತರ ಆಸುಪಾಸು ತೋರಿಸುತ್ತಿದ್ದದ್ದು, ಮುಚ್ಚಿದ ಕೋಣೆಯಲ್ಲಿ ಬತ್ತಿ ಹಚ್ಚಿ ಒಂದು ಗಂಟೆಯಾದ ಮೇಲೆ ನಾನೂರು ದಾಟಿತು. ದಿನವಿಡೀ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿದೆ.

ಬತ್ತಿ ಬಿಟ್ಟು ಲಿಕ್ವಿಡ್ ಹಾಕೋಣವಾ ಅಂತ ಸೊಸೆ ಕೇಳಿದಳು. ಅದರಲ್ಲಿ ಹೊಗೆ ಇಲ್ಲ, ಕೀಟನಾಶಕ ಮಾತ್ರ ಇದ್ದೇ ಇದೆ. ಗುಯ್ ಅನ್ನುವ ಮಗುವಿನ ಮುಚ್ಚಿದ ಕೋಣೆಗೆ ಅದೂ ಬೇಡ ಅಂದೆ. ಎರಡು ಮಂಚಕ್ಕೂ ಪರದೆ ಕಟ್ಟಿದೆವು. ಕಿಟಕಿಯ ಜಾಲರಿ ಹರಿದ ಕಡೆ ಹೊಸದು ಹಾಕಿಸಿದೆವು. ಅಂಗಳದ ಮೂಲೆಯಲ್ಲಿ ಕಾಯಿ ಚಿಪ್ಪಿನ ರಾಶಿ ಬಾಯಿ ಮೇಲಾಗಿ ಬಿದ್ದಿತ್ತು. ತೋಟದ ಪೈಪಿನ ನೀರು ಹಾರಿ ಎಷ್ಟೋ ಚಿಪ್ಪಿನಲ್ಲಿ ನಿಂತು, ಹುಳು ಮಿಜಿಗುಡುತ್ತಿದ್ದವು. ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ಭಾವ ಒಂದೇ ಮಧ್ಯಾಹ್ನದಲ್ಲಿ ರಾಶಿಯನ್ನೆಲ್ಲ ಮಗುಚಿ ಚೀಲಕ್ಕೆ ತುಂಬಿದರು. ಸೊಳ್ಳೆಯ ಊರೇ ಅಂಗಳದಲ್ಲಿದ್ದರೆ ಬತ್ತಿ ಎಷ್ಟು ಹಚ್ಚಿದರೂ ಅಷ್ಟೇ ಅಲ್ವಾ?

ಅದೇ ಕೋಣೆಯ ಬೀರುವಿನ ಹಿಂದೆ ಇನ್ನೊಂದು ಸಿಕ್ಕಿತು. ಬಚ್ಚಲಿನ ಗೋಡೆಗೆ ಒತ್ತಿ ಬೀರು ಇಟ್ಟಿದ್ದರು. ಸರಿಸಿ ನೋಡಿದರೆ ಮೊಣಕಾಲೆತ್ತರದವರೆಗೆ ಗೋಡೆ ತೇವ, ಮೇಲೆ ಕಪ್ಪು ಬೂಷ್ಟು. ಅದರ ಮೇಲೆ ಒಂದು ಸಲ ಬಣ್ಣವನ್ನೂ ಹೊಡೆಸಿದ್ದರಂತೆ. ಬಣ್ಣದ ಕೆಳಗೆ ತೇವ ಇದ್ದರೆ ಬೂಷ್ಟು ಮತ್ತೆ ಬರುತ್ತೆ, ಅದರ ಪುಡಿ ಗಾಳಿಯಲ್ಲಿ ತೇಲುತ್ತೆ, ಆಸ್ತಮಾ ಇದ್ದವರಿಗೆ ಅದು ಕೆಟ್ಟದ್ದು. ನಲ್ಲಿಯ ಒಳಪೈಪಿನ ಜಾಯಿಂಟ್ ಸೋರುತ್ತಿತ್ತು. ಅದನ್ನು ಸರಿಮಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಲ್ಲಿ ಉಜ್ಜಿ, ಎರಡು ವಾರ ಗೋಡೆ ಒಣಗಲು ಬಿಟ್ಟೆವು. ಬೀರು ಈಗ ಗೋಡೆಯಿಂದ ಒಂದು ಗೇಣು ಈಚೆಗಿದೆ.

ಪಕ್ಕದ ಸ್ಟೋರ್ ರೂಮಿನಲ್ಲಿ ಕೊಬ್ಬರಿ ಚೀಲ ಇತ್ತು. ಕೊಬ್ಬರಿಯ ತೇವ ನೂರಕ್ಕೆ ಆರರ ಹತ್ತಿರ ಇಳಿಯದಿದ್ದರೆ ಬೂಷ್ಟು ಹಿಡಿಯುತ್ತೆ. ಎರಡು ಚೀಲ ಹಾಗೇ ಆಗಿದ್ದವು. ಎಲ್ಲವನ್ನೂ ಹಳೆ ಮನೆಗೆ ಸಾಗಿಸಿದೆವು.

ಬಚ್ಚಲು

ಈ ಮನೆಯಲ್ಲಿ ನನಗೆ ನಡುಕ ಹುಟ್ಟಿಸಿದ್ದು ಮಗುವಿನ ಕೆಮ್ಮಲ್ಲ. ಸೊಸೆಯ ತಲೆನೋವು.

ಪುಸ್ತಕದಲ್ಲಿ ಅವಳ ತಲೆನೋವನ್ನೂ ಬರೆಯುತ್ತಿದ್ದೆ. ತಲೆಗೆ ಸ್ನಾನ ಮಾಡಿದ ದಿನವೇ ಬರುತ್ತಿತ್ತು. ಹೊರಗೆ ಬಂದು ಅಂಗಳದಲ್ಲಿ ಕೂತು ಕೂದಲು ಒಣಗಿಸುತ್ತಿದ್ದಂತೆ ಇಳಿಯುತ್ತಿತ್ತು. ಖಾಲಿ ಹೊಟ್ಟೆ, ಬಿಪಿ ಕಡಿಮೆ, ತಣ್ಣೀರು ಬಿಸಿನೀರು ಬೆರೆತಿದ್ದು, ಹೀಗೆ ಏನೇನೋ ಅಂದುಕೊಂಡಿದ್ದರು. ಒಂದು ಸಲ ಬಚ್ಚಲಲ್ಲೇ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತಿದ್ದಳು.

ಒಳಗೆ ಹೋಗಿ ನೋಡಿದೆ. ಗ್ಯಾಸ್ ಗೀಸರ್. ಆರು ಅಡಿ, ಐದು ಅಡಿಯ ಬಚ್ಚಲೊಳಗೆ, ತಲೆಯ ಮೇಲೆ. ಹೊಗೆ ಹೊರಗೆ ಹೋಗಲು ಕೊಳವೆಯೇ ಇಲ್ಲ. ಗಾಜಿನ ಸಣ್ಣ ಕಿಟಕಿಯನ್ನು ಚಳಿಗೆ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದ್ದರು. ಕೂರಿಸಿದವರು ಇಲ್ಲೇ ಹಾಕಿದರೆ ನೀರು ಬೇಗ ಬಿಸಿಯಾಗುತ್ತೆ ಅಂದಿದ್ದರಂತೆ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಬಚ್ಚಲಲ್ಲಿ ಅದು ಕಮ್ಮಿಯಾಗುತ್ತಾ ಬಂದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ವಾಕರಿಕೆ, ಕಣ್ಣು ಕತ್ತಲೆ, ಆಮೇಲೆ ಎಚ್ಚರ ತಪ್ಪೋದು. ಬಾಗಿಲ ಚಿಲಕ ಒಳಗಿನಿಂದ ಹಾಕಿರುತ್ತೆ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತಲ್ಲ ಅಂತ ಅಕ್ಕ ಕೇಳಿದಳು. ಆ ವಾಸನೆ ಉರಿಯದ ಗ್ಯಾಸಿನದು, ಸೋರಿಕೆ ತಿಳಿಯಲಿ ಅಂತಲೇ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಆ ಗುರುತು ಇರಲ್ಲ.

ಬೇರೆ ಎಲ್ಲಾ ಕೆಲಸಕ್ಕೂ ದಿನ ತೆಗೆದುಕೊಂಡೆವು. ಇದಕ್ಕೆ ಒಂದು ದಿನವನ್ನೂ ಕೊಡಲಿಲ್ಲ. ಅವತ್ತೇ ಗೀಸರ್ ಬಂದ್ ಮಾಡಿಸಿದೆ. ಮಗುವಿಗೂ ಸೊಸೆಗೂ ಹಂಡೆ ನೀರೇ ಬಂತು. ಮೂರನೇ ದಿನ ಗೀಸರನ್ನು ಬಚ್ಚಲಿನ ಹೊರಗೋಡೆಗೆ, ತೆರೆದ ಗಾಳಿಗೆ ಹಾಕಿಸಿ, ಬರೀ ಬಿಸಿನೀರಿನ ಪೈಪ್ ಒಳಗೆ ಬಿಡಿಸಿದೆವು. ಆಮೇಲೆ ಪುಸ್ತಕದಲ್ಲಿ ಸೊಸೆಯ ತಲೆನೋವಿನ ಸಾಲು ಖಾಲಿ.

ಓದುತ್ತಿರುವವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಇವತ್ತೇ ನೋಡಿ. ಒಳಗಿರುವವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆದು, ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಫೋನ್ ಮಾಡಬೇಕು. ಒಳಗೆ ನಿಂತು ಆರೈಕೆ ಮಾಡಲು ಹೋಗಬಾರದು. ಅದೇ ಗಾಳಿಯನ್ನು ನಾವೂ ಕುಡಿಯುತ್ತಿರುತ್ತೇವೆ.

ಅಡುಗೆಮನೆ, ದೇವರಮನೆ

ಅಡುಗೆಮನೆಯಲ್ಲಿ ಚಿಮಣಿ ಇತ್ತು. ಸೊಸೆಗೆ ಅದರ ಮೇಲೆ ತುಂಬ ಹೆಮ್ಮೆ. ಬಗ್ಗಿ ನೋಡಿದರೆ ಹೊರಗೆ ಹೋಗುವ ಕೊಳವೆ ಇಲ್ಲ. ಜಿಡ್ಡನ್ನು ಜಾಲರಿಯಲ್ಲಿ ಹಿಡಿದು, ಇದ್ದಿಲ ಫಿಲ್ಟರ್‌ನಲ್ಲಿ ವಾಸನೆ ಕಮ್ಮಿ ಮಾಡಿ, ಅದೇ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುವಂಥದ್ದು. ಗ್ಯಾಸ್ ಉರಿಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅನ್ನುವ ಕೆಟ್ಟ ಅನಿಲ ಅದಕ್ಕೆ ಸಿಕ್ಕಲ್ಲ. ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟು ನಡುಮನೆವರೆಗೂ ಬಂದು ಅಜ್ಜಿ ಕೆಮ್ಮುತ್ತಿದ್ದರು. ಗೋಡೆಯಲ್ಲಿ ಒಂದು ಹಳೆ ಎಕ್ಸಾಸ್ಟ್ ಫ್ಯಾನ್ ಇತ್ತು, ಸದ್ದು ಅಂತ ಹಾಕುತ್ತಿರಲಿಲ್ಲ. ರೆಕ್ಕೆಯ ಜಿಡ್ಡು ತೊಳೆದು, ಒಲೆ ಹಚ್ಚುವ ಮುಂಚೆಯೇ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಬಿಡುವ ರೂಢಿ ಮಾಡಿದೆವು. ಹಿತ್ತಲ ಬಾಗಿಲನ್ನು ಒಂದು ಚೂರು ತೆರೆದಿಟ್ಟರೆ ಫ್ಯಾನ್ ಚೆನ್ನಾಗಿ ಎಳೆಯುತ್ತೆ.

ದೇವರಮನೆ ಮೆಟ್ಟಿಲ ಕೆಳಗಿದೆ, ಕಿಟಕಿ ಇಲ್ಲ. ಅಲ್ಲಿ ಬೆಳಗ್ಗೆ ಸಂಜೆ ನಾಲ್ಕಾರು ಊದಿನಕಡ್ಡಿ, ಶುಕ್ರವಾರ ಸಾಂಬ್ರಾಣಿ. ಊದಿನಕಡ್ಡಿಯ ಹೊಗೆಯೂ ಹೊಗೆಯೇ. ಅಜ್ಜಿಗೆ ಹೇಗೆ ಹೇಳೋದು ಅಂತ ನಾನು ಹಿಂಜರಿದೆ. ಅಜ್ಜಿಯೇ ದಾರಿ ತೋರಿಸಿದರು. ಒಳಗೆ ಎಣ್ಣೆ ದೀಪ, ಒಂದೇ ಕಡ್ಡಿ. ಸಾಂಬ್ರಾಣಿ ಅಂಗಳದ ತುಳಸಿ ಕಟ್ಟೆಗೆ. ಅವರ ತವರಲ್ಲಿ ಹಾಗೇ ಮಾಡುತ್ತಿದ್ದರಂತೆ.

ಗಿಡ, ಯಂತ್ರ, ಮತ್ತೆ ಒಂದು ಹಳೆ ಒಲೆ

ಗಾಳಿ ಶುದ್ಧವಾಗಲಿ ಅಂತ ಸೊಸೆ ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು ತಂದು ಇಟ್ಟಿದ್ದಳು. ಈ ನಂಬಿಕೆಗೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ. ಆಮೇಲಿನ ಪ್ರಯೋಗಗಳನ್ನೆಲ್ಲ ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸ ಗಿಡದಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂತ ಬಂತು. ಗಿಡ ಚೆಂದಕ್ಕೆ ಇರಲಿ, ಕುಂಡದ ಮಣ್ಣು ಸದಾ ತೇವವಾಗಿರದ ಹಾಗೆ ನೋಡಿಕೋ ಅಂದೆ.

ಅಕ್ಕನ ಮಗ ಏರ್ ಪ್ಯೂರಿಫೈಯರ್ ಕೊಳ್ಳುವುದರಲ್ಲಿದ್ದ. ಒಳ್ಳೆ ಹೆಪಾ ಫಿಲ್ಟರ್ ಇದ್ದರೆ ಕಣ ಹಿಡಿಯುತ್ತೆ, ನಿಜ. ಕಾರ್ಬನ್ ಮೋನಾಕ್ಸೈಡನ್ನು ಹಿಡಿಯಲ್ಲ, ಗೋಡೆಯ ತೇವ ಒಣಗಿಸಲ್ಲ. ಬತ್ತಿ ಉರಿಸುತ್ತಾ ಅದನ್ನು ಓಡಿಸೋದು ಒಲೆ ಹಚ್ಚಿಟ್ಟು ಬೀಸಣಿಗೆ ಹಾಕಿಕೊಂಡ ಹಾಗೆ. ಆ ದುಡ್ಡಲ್ಲಿ ಗಾರೆಯವರನ್ನು ಕರೆಸೋಣ ಅಂದೆ. ಎರಡು ಮಲಗುವ ಕೋಣೆಗಳಲ್ಲೂ ಲಿಂಟಲ್ ಮೇಲೆ, ಎದುರು ಬದುರು ಗೋಡೆಯಲ್ಲಿ ಕಿಂಡಿ ಕೊರೆಸಿ ಜಾಲರಿ ಹಾಕಿಸಿದೆವು. ಧೂಳು ಎರಡು ದಿನ ಮನೆ ತುಂಬ. ಮಗುವನ್ನು ಅಷ್ಟು ದಿನ ಸೊಸೆಯ ತವರಿಗೆ ಕಳಿಸಿದ್ದೆವು.

ಹೊಗೆಗೆ ದಾರಿ ಮಾಡಿಕೊಡುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ನನ್ನ ತವರು ಕುಣಿಗಲ್ ತಾಲ್ಲೂಕು. ಅಲ್ಲಿಯ ಉಂಗ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಕೇಂದ್ರ ಇತ್ತು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗಾಗಿ ಶುರುಮಾಡಿದ 'ಅಸ್ತ್ರ' ವಿಭಾಗದ ಕೇಂದ್ರ ಅದು. ಅಲ್ಲಿಂದ ಬಂದಿದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ ಒಲೆ. ನಮ್ಮ ಮನೆಗೂ ಬಂತು. ಹೊಗೆ ಮೊದಲ ಸಲ ಸೂರಿನ ಮೇಲಿಂದ ಹೋಗಿದ್ದನ್ನು ನಮ್ಮವ್ವ ಬೀದಿಗೆ ಬಂದು ನಿಂತು ನೋಡಿದ್ದಳು. ಅವಳ ಕಣ್ಣುರಿ ಆಮೇಲೆ ಎಷ್ಟೋ ಕಮ್ಮಿಯಾಯಿತು.

ಅಕ್ಕನ ಅತ್ತೆಗೆ ಆ ಒಲೆ ಸಿಗಲಿಲ್ಲ. ಗ್ಯಾಸ್ ಬರುವವರೆಗೆ ನಲವತ್ತಕ್ಕೂ ಜಾಸ್ತಿ ವರ್ಷ ತೆರೆದ ಒಲೆ ಮುಂದೆ ಕೂತು ಊದಿದವರು. ಹೊಗೆಗೂಡು ಇದ್ದರೂ, ಊದುವವಳ ಮುಖ ದಾಟಿಯೇ ಹೊಗೆ ಮೇಲೆ ಹೋಗಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಮನೆಯೊಳಗಿನ ಇಂಥ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ. ಅವರಲ್ಲಿ 2 ಲಕ್ಷದ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಅಜ್ಜಿಯನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಊದಿಸುವ ಪರೀಕ್ಷೆ ಮಾಡಿಸಿದೆವು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಅಂತ ಬಂತು. ಜೀವನದಲ್ಲಿ ಒಂದು ಬೀಡಿ ಮುಟ್ಟದ ಹೆಂಗಸರಿಗೆ ಈ ಕಾಯಿಲೆ ಬರಲು ಒಲೆಯ ಹೊಗೆ ಸಾಕು. ಹೋದ ಶ್ವಾಸಕೋಶ ವಾಪಸ್ ಬರಲ್ಲ. ಇನ್ಹೇಲರ್ ಕೊಟ್ಟಿದ್ದಾರೆ. ಹಂಡೆ ಒಲೆಗೆ ಈಗ ಅಜ್ಜಿ ಕೂರಲ್ಲ, ಭಾವ ಉರಿ ಹಾಕುತ್ತಾರೆ. ಅದಕ್ಕೂ ಒಂದು ಕೊಳವೆ ಹಾಕಿಸಬೇಕು ಅಂತ ಮಾತಾಗಿದೆ.

ಎಷ್ಟು ಸರಿಹೋಯಿತು

ಬತ್ತಿ ನಿಲ್ಲಿಸಿ, ಗೋಡೆ ಒಣಗಿಸಿ, ಕಿಂಡಿ ಕೊರೆಸಿದ ಮೇಲಿನ ನಾಲ್ಕು ವಾರದಲ್ಲಿ ಮಗು ಕೆಮ್ಮಿ ಎದ್ದಿದ್ದು ಐದು ರಾತ್ರಿ. ಮುಂಚೆ ವಾರಕ್ಕೇ ನಾಲ್ಕೈದು ರಾತ್ರಿ ಆಗುತ್ತಿತ್ತು. ಡಾಕ್ಟರು ಕೊಟ್ಟ ಇನ್ಹೇಲರನ್ನು ನಿಲ್ಲಿಸಿಲ್ಲ, ನಿಲ್ಲಿಸಲೂಬಾರದು. ಯಾವ ಬದಲಾವಣೆಯಿಂದ ಎಷ್ಟು ಉಪಯೋಗವಾಯಿತು ಅಂತ ಬಿಡಿಸಿ ಹೇಳಲು ನನ್ನಿಂದ ಆಗಲ್ಲ. ಎಲ್ಲವನ್ನೂ ಹೆಚ್ಚುಕಮ್ಮಿ ಒಟ್ಟಿಗೇ ಮಾಡಿದೆವು, ಅಷ್ಟರಲ್ಲಿ ಮಾಗಿ ಚಳಿಯೂ ಕಳೆಯಿತು. ಬಾಳೆಹಣ್ಣು ಮತ್ತೆ ಕೊಡುತ್ತಿದ್ದಾರೆ, ಅದರಿಂದ ಏನೂ ಆಗಿಲ್ಲ. ಬೆಕ್ಕೂ ವಾಪಸ್ ಬಂದಿದೆ.

ಕಿಟಕಿ ಯಾವಾಗಲೂ ತೆರೆದಿಡಿ ಅನ್ನುವ ಮಾತೂ ಈ ಊರಿಗೆ ಹೊಂದಲ್ಲ. ತೋಟದಲ್ಲಿ ಯಾರಾದರೂ ಗರಿ ಸುಟ್ಟಾಗ, ಊರಾಚೆ ಚಿಪ್ಪು ಸುಟ್ಟು ಇದ್ದಿಲು ಮಾಡುವಾಗ ಹೊರಗಿನ ಗಾಳಿಯೇ ಕೆಟ್ಟಿರುತ್ತೆ. ಆ ಹೊತ್ತು ಆ ಕಡೆಯ ಕಿಟಕಿ ಮುಚ್ಚಿ, ಹೊಗೆ ಕಳೆದ ಮೇಲೆ ತೆರೆಯುತ್ತಾರೆ. ಈಗ ಸೊಸೆ ಬೆಳಗ್ಗೆ ಎದ್ದವಳೇ ಮೂಗೆಳೆದು ನೋಡಿ ತೀರ್ಮಾನ ಮಾಡುತ್ತಾಳೆ.

ಕಾಪಿ ಪುಸ್ತಕ ಅವಳ ಹತ್ತಿರವೇ ಇದೆ. ಮಳೆಗಾಲದಲ್ಲಿ ಬಚ್ಚಲ ಗೋಡೆ ಏನಾಗುತ್ತೋ ನೋಡಬೇಕು ಅಂತ ಪುಟ ಖಾಲಿ ಬಿಟ್ಟಿದ್ದಾಳೆ. ಕಿಂಡಿ ಕೊರೆದ ದಿನ ಅಜ್ಜಿ ಬಂದು ತಾವೇ ಊದಿನಕಡ್ಡಿ ಹಿಡಿದು, ಹೊಗೆ ಹೋಗೋದನ್ನು ನೋಡಿ, "ಈಗ ಪರವಾಗಿಲ್ಲ" ಅಂದರು. ಆದರೂ ರಾತ್ರಿಯಾದರೆ ಹಳೆ ಮನೆಗೇ ಹೋಗಿ ಮಲಗುತ್ತಾರೆ. ಈಗ ಯಾರೂ ಅವರನ್ನು ತಡೆಯಲ್ಲ.